ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಮಗಳನ್ನು ಕೂರಿಸಬಹುದಾ?

ಪ್ರಶ್ನೆ: ನಮ್ಮಪ್ಪನ ಕಾಲದ 1972ರ ಎಂಜಿಬಿ ರೋಡ್‌ಸ್ಟರ್ ನಮ್ಮಲ್ಲಿದೆ. ಎರಡೇ ಸೀಟು, ಮಡಚುವ ಬಟ್ಟೆಯ ಟಾಪ್. ಎರಡು ವರ್ಷ ಹಿಡಿದು ರಿಪೇರಿ ಮಾಡಿಸಿದ್ದೇನೆ. ಈಗ ಮಗಳು ‘ನಾನೂ ಬರ್ತೀನಿ’ ಅಂತ ಹಟ ಹಿಡಿದಿದ್ದಾಳೆ. ಅವಳಿಗೆ ನಾಲ್ಕು ವರ್ಷ, 16 ಕೆಜಿ ತೂಕ, 102 ಸೆಂ.ಮೀ. ಎತ್ತರ. ಹತ್ತು ತಿಂಗಳ ಮಗನೂ ಇದ್ದಾನೆ. ನಮ್ಮ ಇನ್ನೊಂದು ಕಾರಿನ ಚೈಲ್ಡ್ ಸೀಟು ಐಸೊಫಿಕ್ಸ್‌ನದು, ಅಂದರೆ ಬೆಲ್ಟಿನ ಬದಲು ಕಾರಿನಲ್ಲೇ ಇರುವ ಉಕ್ಕಿನ ಸರಳಿಗೆ ಸಿಕ್ಕಿಸುವಂಥದ್ದು, ಇದಕ್ಕೆ ಹಾಕಲು ಆಗುವುದಿಲ್ಲ. ಈ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ. ಸೊಂಟ, ಹೆಗಲು ಎರಡಕ್ಕೂ ಬರುವ ಹಳೆಯ ಬೆಲ್ಟ್ ಇದೆ, ಆದರೆ ತಾನೇ ಸುತ್ತಿಕೊಳ್ಳುವ ರೀಲ್ ಇಲ್ಲ. ಯಾವ ಚೈಲ್ಡ್ ಸೀಟು ತಗೊಳ್ಳಲಿ? ನಾವು ಚಿಕ್ಕವರಿದ್ದಾಗ ಸೀಟಿನ ಹಿಂದಿನ ಸಂದಿಯಲ್ಲೇ ಕೂತು ಹೋಗುತ್ತಿದ್ದೆವು. ಏನೂ ಆಗಿರಲಿಲ್ಲ.

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ, ಆಮೇಲೆ ಕಾರಣ. ಮಗನಿಗೆ ಈ ಕಾರು ಬೇಡ. ಮಗಳಿಗೆ ಆಗಬಹುದು, ಆದರೆ ಈ ಭಾನುವಾರ ಅಲ್ಲ. ಸೀಟಿನ ಹಿಂದಿನ ಸಂದಿಯಂತೂ ಯಾರಿಗೂ ಬೇಡ. ಮತ್ತೆ ‘ಯಾವ ಚೈಲ್ಡ್ ಸೀಟು’ ಅನ್ನುವುದು ನೀವು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕೂ ಮುಂಚೆ ಆ ಸೀಟನ್ನು ಯಾವುದಕ್ಕೆ ಕಟ್ಟುತ್ತೀರಿ ಅಂತ ನೋಡಬೇಕು.

ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಎದುರಿಗೆ ಏನಾದರೂ ಬಂದು ಗುದ್ದಿದರೆ ಅಷ್ಟೂ ವೇಗ ಸೊನ್ನೆಗೆ ಇಳಿಯಬೇಕು. ಎಷ್ಟು ದೂರದಲ್ಲಿ ಇಳಿಯುತ್ತದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಈಗಿನ ಕಾರಿನ ಮೂತಿ ಬೇಕೆಂದೇ ನಜ್ಜುಗುಜ್ಜಾಗುತ್ತದೆ. ಅದೂ ಬೆಲ್ಟು ಹಿಗ್ಗುವುದೂ ಸೇರಿ ಒಳಗಿದ್ದವರಿಗೆ 60 ಸೆಂ.ಮೀ. ಸಿಕ್ಕಿತು ಅಂದುಕೊಳ್ಳಿ. ಆಗ ಮೈಮೇಲೆ ಬೀಳುವ ಒತ್ತಡ ಅವರ ತೂಕದ ಸುಮಾರು 16 ಪಟ್ಟು. ಗಟ್ಟಿ ಮೂತಿಯ ಹಳೆಯ ಕಾರಿನಲ್ಲಿ ಅದರ ಅರ್ಧ, 30 ಸೆಂ.ಮೀ. ಮಾತ್ರ ಸಿಕ್ಕಿದರೆ 33 ಪಟ್ಟು ಆಗುತ್ತದೆ. ನಿಮ್ಮ ಮಗಳು 16 ಕೆಜಿ, ಚೈಲ್ಡ್ ಸೀಟು ಸುಮಾರು 8 ಕೆಜಿ. ಒಟ್ಟು 24. ಅದನ್ನು 33ರಿಂದ ಗುಣಿಸಿ. ಹತ್ತಿರ ಹತ್ತಿರ 800 ಕೆಜಿ. ಆ ಒಂದು ಕ್ಷಣ ಈ 800 ಕೆಜಿಯನ್ನು ಹಿಡಿದು ನಿಲ್ಲಿಸಬೇಕಾದ್ದು ಚೈಲ್ಡ್ ಸೀಟಿನ ಪ್ಲಾಸ್ಟಿಕ್ ಅಲ್ಲ. ಐವತ್ತು ವರ್ಷದ ಹಿಂದಿನ ತಗಡಿಗೆ ಕಚ್ಚಿಕೊಂಡಿರುವ ಮೂರು ಬೋಲ್ಟು.

ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಗಟ್ಟಿಯಾಗಿ ಹಿಡ್ಕೊತೀವಿ ಅನ್ನುವವರಿಗೂ ಇದೇ ಲೆಕ್ಕ. 16 ಕೆಜಿಯ ಮಗು ಆ ಹೊತ್ತಿನಲ್ಲಿ 500 ಕೆಜಿ ದಾಟುತ್ತದೆ. ಯಾರ ತೋಳಿಗೂ ಅದು ಆಗುವ ಕೆಲಸವಲ್ಲ.

ಇನ್ನು ನೀವು ಚಿಕ್ಕವರಿದ್ದಾಗ ಹಿಂದಿನ ಸಂದಿಯಲ್ಲಿ ಕೂತ ಮಾತು. ಏನೂ ಆಗಲಿಲ್ಲ ಅನ್ನುವುದು ನಿಜ. ಅವತ್ತು ಕಾರು ಗುದ್ದಲಿಲ್ಲ, ಅಷ್ಟೆ. ಆ ಜಾಗ ಸಾಮಾನು ಇಡಲು, ಟಾಪ್ ಮಡಚಿಡಲು ಮಾಡಿದ್ದು. ಅದರ ಕೆಳಗೆ ಮುಚ್ಚಳ ತೆಗೆದು ನೋಡಿದರೆ ನಿಮ್ಮ ಮಾದರಿಯಲ್ಲಿ ಎರಡು 6 ವೋಲ್ಟ್ ಬ್ಯಾಟರಿಗಳಿವೆ. ಬೆಲ್ಟಿಲ್ಲ, ಬೆನ್ನಿಗೆ ಆನಿಕೆ ಇಲ್ಲ, ತಲೆಯ ಹಿಂದೆ ಏನೂ ಇಲ್ಲ. ಅಲ್ಲಿ ಕೂತ ಮಗು ಮುಂದಕ್ಕೆ ಹಾರಿದರೆ ಮುಂದೆ ಕೂತವರ ಬೆನ್ನು, ತಲೆಗೂ ಏಟು. ಬ್ರಿಟನ್ನಿನಲ್ಲಿ, ತಯಾರಾಗುವಾಗಲೇ ಬೆಲ್ಟ್ ಇಲ್ಲದಿದ್ದ ಹಳೆಯ ಕಾರುಗಳಿಗೆ ಒಂದು ನಿಯಮ ಇದೆ. ಮೂರು ವರ್ಷದ ಒಳಗಿನ ಮಕ್ಕಳನ್ನು ಅವುಗಳಲ್ಲಿ ಕರೆದೊಯ್ಯುವಂತೆಯೇ ಇಲ್ಲ. ಮೂರು ದಾಟಿದವರು ಹಿಂದಿನ ಸೀಟಿನಲ್ಲೇ ಕೂರಬೇಕು. ಜರ್ಮನಿಯಲ್ಲೂ ಹೆಚ್ಚುಕಡಿಮೆ ಇದೇ ಇದೆ. ಹಳೆಯ ಕಾರಿಗೆ ರಿಯಾಯಿತಿ ಕೊಟ್ಟ ಕಾನೂನುಗಳೂ ಪುಟ್ಟ ಮಕ್ಕಳ ವಿಷಯದಲ್ಲಿ ಅಲ್ಲಿಗೇ ನಿಂತಿವೆ. ನಿಮ್ಮಲ್ಲಿ ಏನು ನಿಯಮ ಅಂತ ನೋಡಿಕೊಳ್ಳಿ. ಆದರೆ ಕಾನೂನು ಬಿಟ್ಟಿದೆ ಅಂದ ಮಾತ್ರಕ್ಕೆ ತಗಡಿನ ಬಲ ಜಾಸ್ತಿ ಆಗುವುದಿಲ್ಲ.

ಈಗ ಮುಖ್ಯ ಕೆಲಸ. ಪ್ಯಾಸೆಂಜರ್ ಸೀಟನ್ನು ಪೂರ್ತಿ ಬಿಚ್ಚಿ ಹೊರಗಿಡಿ. ಕಾರ್ಪೆಟ್ ಎತ್ತಿ. ಬೆಲ್ಟಿನ ಮೂರೂ ಬೋಲ್ಟು ಎಲ್ಲಿ ಕೂತಿವೆ ಅಂತ ಕಣ್ಣಾರೆ ನೋಡಿ. ಸಾಮಾನ್ಯವಾಗಿ ಒಂದು ಗೇರ್‌ಬಾಕ್ಸ್ ಟನಲ್, ಅಂದರೆ ಎರಡು ಸೀಟಿನ ಮಧ್ಯದ ಉಬ್ಬಿನ ಪಕ್ಕ, ಒಂದು ಬಾಗಿಲಿನ ಕೆಳಗಿನ ಸಿಲ್ ಕಡೆ, ಇನ್ನೊಂದು ಹಿಂದೆ ಚಕ್ರದ ಕಮಾನಿನ ಹತ್ತಿರ. ಈ ಮೂರೂ ನೀರು ನಿಲ್ಲುವ ಜಾಗಗಳು. ಮೇಲೆ ಪೇಂಟ್ ಫಳಫಳ ಅನ್ನುತ್ತಿರುತ್ತದೆ, ಒಳಗೆ ತುಕ್ಕು ಹಪ್ಪಳ ಮಾಡಿರುತ್ತದೆ. ಒಂದು ಗಟ್ಟಿ ಸ್ಕ್ರೂಡ್ರೈವರ್ ತಗೊಂಡು ಬೋಲ್ಟಿನ ಸುತ್ತ ಒಂದು ಗೇಣು ಜಾಗ ಕುಟ್ಟುತ್ತಾ ಹೋಗಿ. ಒಳ್ಳೆಯ ತಗಡು ಟಣ್ ಅನ್ನುತ್ತದೆ. ಕೆಟ್ಟದ್ದು ದಪ್ ಅನ್ನುತ್ತದೆ, ಕೆಲವೊಮ್ಮೆ ಸ್ಕ್ರೂಡ್ರೈವರ್ ಒಳಗೇ ಹೋಗುತ್ತದೆ. ಕಾರಿನ ಅಡಿಗೂ ಮಲಗಿ ಅದೇ ಜಾಗಗಳನ್ನು ಕೆಳಗಿನಿಂದ ನೋಡಿ. ಅಡಿಗೆ ದಪ್ಪಗೆ ಕಪ್ಪು ಟಾರ್ ಬಳಿದಿದ್ದರೆ ಇನ್ನೂ ಜಾಸ್ತಿ ಅನುಮಾನ ಪಡಿ. ಬಳಿದವರಿಗೆ ಏನೋ ಮುಚ್ಚಬೇಕಿತ್ತು ಅಂತಲೇ ನಾನು ಅಂದುಕೊಳ್ಳುವುದು.

ಒಮ್ಮೆ ಒಂದು ಕಾರು ನೋಡಲು ಹೋಗಿದ್ದೆ. ನಿಮ್ಮದರ ಹಾಗೇ ಹೊಸದಾಗಿ ಸರಿ ಮಾಡಿಸಿದ್ದು. ಸೀಟಿನ ಚರ್ಮ, ಸ್ಟೀರಿಂಗಿನ ಮರ, ಕ್ರೋಮ್ ಬಂಪರ್, ಎಲ್ಲಾ ಬೆರಳಚ್ಚು ಬಿದ್ದರೂ ಬೇಜಾರಾಗುವ ಹಾಗೆ ಹೊಳೆಯುತ್ತಿತ್ತು. ಚೈಲ್ಡ್ ಸೀಟು ಹೊಸದು, ಡಬ್ಬಿಯಿಂದ ಆಗತಾನೇ ತೆಗೆದಿದ್ದು. ಅದನ್ನು ಕಟ್ಟಿ, ಬಿಗಿಯಾಗಿದೆಯಾ ಅಂತ ಬೆಲ್ಟನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿದೆ. ಸಿಲ್ ಕಡೆಯ ಬೋಲ್ಟು ತನ್ನ ಸುತ್ತಲಿನ ತಗಡಿನ ಸಮೇತ ಮೇಲೆದ್ದು ಬಂತು. ಅಂಗೈ ಅಗಲದ ತುಂಡು. ಅದರ ಅಂಚನ್ನು ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ನಾನೇನು ಪೈಲ್ವಾನ್ ಅಲ್ಲ. ಕಾರಿನವರು ಆ ಬೋಲ್ಟನ್ನೇ ನೋಡುತ್ತಾ ಸುಮ್ಮನೆ ನಿಂತರು. ಹಿಂದಿನ ವಾರ ಅದರಲ್ಲೇ ಮಗುವನ್ನು ಕರೆದುಕೊಂಡು ಹೋಗಿದ್ದರಂತೆ.

ಅದಕ್ಕೇ ಹೇಳುವುದು, ತುಕ್ಕು ಹಿಡಿದಿದ್ದರೆ ಅದರ ಮೇಲೆ ಇನ್ನೊಂದು ತಗಡು ಮುಚ್ಚಿ ವೆಲ್ಡ್ ಮಾಡಿಸುವುದಲ್ಲ. ಕೆಟ್ಟದ್ದನ್ನು ಕತ್ತರಿಸಿ ತೆಗೆದು, ಒಳ್ಳೆಯ ತಗಡಿನವರೆಗೂ ಹೋಗಿ, ಅಲ್ಲಿಂದ ಕಟ್ಟಿಕೊಂಡು ಬರಬೇಕು. ಬೋಲ್ಟಿನ ಹಿಂದೆ ಒತ್ತಡ ಹಂಚುವ ದಪ್ಪ ಪ್ಲೇಟ್ ಇರಬೇಕು. ಸೀಟ್ ಬೆಲ್ಟಿನ ಬೋಲ್ಟು ಸಾಮಾನ್ಯವಾಗಿ 7/16 ಇಂಚಿನದು, ಸಣ್ಣ ಮರೆಯದು, ಹೆಚ್ಚು ಬಲದ ಉಕ್ಕಿನದು. ಕೈಗೆ ಸಿಕ್ಕ ಬೋಲ್ಟು ಹಾಕಿದರೆ ನಡೆಯಲ್ಲ. ಈಗಿನ ಕಾರುಗಳಿಗಿರುವ ವಿಶ್ವಸಂಸ್ಥೆಯ 14ನೇ ನಿಯಮದ ಪರೀಕ್ಷೆಯಲ್ಲಿ ಮೂರು ಬಿಂದುವಿನ ಬೆಲ್ಟಿನ ಮೌಂಟಿಂಗ್‌ಗಳನ್ನು 13,500 ನ್ಯೂಟನ್ ಬಲದಲ್ಲಿ ಎಳೆದು ನೋಡುತ್ತಾರೆ. ಹೆಚ್ಚುಕಡಿಮೆ 1,370 ಕೆಜಿ ನೇತುಹಾಕಿದ ಹಾಗೆ. ನಿಮ್ಮ ಕಾರಿಗೆ ಆ ಪರೀಕ್ಷೆ ಮಾಡಲು ಆಗುವುದಿಲ್ಲ, ಒಪ್ಪಿದೆ. ಆದರೆ ವೆಲ್ಡ್ ಮಾಡುವವರಿಗೆ ಈ ಅಂಕಿ ಹೇಳಿ. ‘ಸುಮ್ನೆ ಒಂದು ಟಾಕಾ ಹಾಕ್ತೀನಿ ಬಿಡಿ’ ಅನ್ನುವವರು ಆಗ ಸ್ವಲ್ಪ ಯೋಚಿಸುತ್ತಾರೆ.

ಇನ್ನು ಬೆಲ್ಟು. ಹೆಗಲು ಸೊಂಟ ಎರಡನ್ನೂ ಹಿಡಿಯುವ ಇವತ್ತಿನ ಬೆಲ್ಟನ್ನು 1959ರಲ್ಲಿ ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ಮಾಡಿದ್ದು. ಕಂಪನಿ ಆ ಪೇಟೆಂಟನ್ನು ಎಲ್ಲರೂ ಬಳಸಲಿ ಅಂತ ಬಿಟ್ಟುಕೊಟ್ಟಿತು. ನಿಮ್ಮ ಕಾರಿನಲ್ಲಿರುವುದು ಅದರದೇ ಹಳೆಯ ರೂಪ. ರೀಲ್ ಇಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಚೈಲ್ಡ್ ಸೀಟು ಕಟ್ಟಲು ರೀಲ್ ಇಲ್ಲದ ಬೆಲ್ಟು ಒಂದು ರೀತಿಯಲ್ಲಿ ವಾಸಿ. ಒಮ್ಮೆ ಬಿಗಿ ಮಾಡಿದರೆ ಹಾಗೇ ನಿಲ್ಲುತ್ತದೆ. ರೀಲ್ ಇರುವುದು ಗುದ್ದಿದಾಗ, ಬ್ರೇಕ್ ಹಾಕಿದಾಗ ಮಾತ್ರ ಲಾಕ್ ಆಗುತ್ತದೆ. ಉಳಿದ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪ ಸಡಿಲ ಬಿಡುತ್ತಾ ಇರುತ್ತದೆ. ಆದರೆ ನಿಮ್ಮ ಬೆಲ್ಟು ಅಪ್ಪನ ಕಾಲದ್ದೇ ಆಗಿದ್ದರೆ, ನೋಡುವುದೂ ಬೇಡ, ಬದಲಾಯಿಸಿ. ಬಿಸಿಲು ನೂಲನ್ನು ತಿಂದಿರುತ್ತದೆ. ನಡುವೆ ಯಾವಾಗಲೋ ಬದಲಾಯಿಸಿದ ಬೆಲ್ಟಾದರೆ, ಅಂಚಿನ ಮೇಲೆ ಉಗುರು ಎಳೆದಾಗ ನಯವಾಗಿ ಜಾರಬೇಕು. ಜುಂಜು ಸಿಕ್ಕಿದರೆ, ಗಡುಸಾಗಿದ್ದರೆ, ಮಡಿಕೆಯಲ್ಲಿ ಬಣ್ಣ ಒಂದು ಥರ ಹೊರಗೆ ಒಂದು ಥರ ಇದ್ದರೆ ಅದರ ಆಯಸ್ಸು ಮುಗಿದಿದೆ ಅಂತಲೇ. ಹಳೆಯ ಕಾರಿಗೆ ಒಪ್ಪುವ ಹೊಸ ಬೆಲ್ಟುಗಳು ಸಿಗುತ್ತವೆ. ಅದರ ಚೀಟಿಯಲ್ಲಿ ಮಂಜೂರಾತಿಯ ಗುರುತು, ಅಂದರೆ ವೃತ್ತದೊಳಗೆ ‘ಇ’ ಅಕ್ಷರ ಮತ್ತು ಒಂದು ಸಂಖ್ಯೆ, ಅಥವಾ ನಿಮ್ಮಲ್ಲಿ ನಡೆಯುವ ಅಂಥದ್ದೇ ಗುರುತು ಇದೆಯಾ ನೋಡಿ. ಬೆಲ್ಟಿನ ಉದ್ದವನ್ನೂ ಕೇಳಿ. ಚೈಲ್ಡ್ ಸೀಟಿನ ಸುತ್ತ ಬರಬೇಕಾದರೆ ದೊಡ್ಡವರ ಮೈಗೆ ಬೇಕಾದ್ದಕ್ಕಿಂತ ಜಾಸ್ತಿ ಬೇಕಾಗಬಹುದು.

ಬಕಲ್ ಎಲ್ಲಿ ಬಂದು ಕೂರುತ್ತದೆ ಅನ್ನುವುದನ್ನು ಹೆಚ್ಚಿನವರು ನೋಡುವುದಿಲ್ಲ. ಹಳೆಯ ಕಾರುಗಳಲ್ಲಿ ಬಕಲ್ ಉದ್ದನೆಯ ಪಟ್ಟಿಯ ತುದಿಯಲ್ಲಿ ಇರುತ್ತದೆ. ಬೆಲ್ಟ್ ಬಿಗಿ ಮಾಡಿದಾಗ ಅದು ಮೇಲೆದ್ದು ಚೈಲ್ಡ್ ಸೀಟಿನ ಅಂಚಿನ ಮೇಲೆ ಅಡ್ಡಡ್ಡ ಕೂರುತ್ತದೆ. ಜೋರಾಗಿ ಜಗ್ಗಿದಾಗ ಬಕಲ್ ಅಲ್ಲೇ ಬಾಗಿ, ಮುರಿದು, ಬಿಟ್ಟುಕೊಳ್ಳಬಹುದು. ಬೆಲ್ಟ್ ಹೋಗುವ ದಾರಿಯಲ್ಲಿ ಪ್ಲಾಸ್ಟಿಕ್ಕಿಗೆ ಪಟ್ಟಿ ಮಾತ್ರ ತಾಗಬೇಕು, ಬಕಲ್ ತಾಗಬಾರದು. ತಾಗುತ್ತಿದ್ದರೆ ಗಿಡ್ಡ ಬಕಲ್ ಪಟ್ಟಿಯ ಬೆಲ್ಟು ಬೇಕು, ಅಥವಾ ಬೇರೆ ಚೈಲ್ಡ್ ಸೀಟು ಬೇಕು.

ಮುಂದಿನದು ಕಾರಿನ ಸೀಟು. ಸೀಟಿನ ಹಳಿಯ ಕೆಳಗೆ ಎಂಜಿಬಿಯಲ್ಲಿ ಮರದ ಪಟ್ಟಿಗಳಿರುತ್ತವೆ. ನೀರು ಕುಡಿದು ಅವು ಮೆತ್ತಗಾಗಿದ್ದರೆ ಬೋಲ್ಟು ಎಷ್ಟು ಬಿಗಿದರೂ ಒಂದು ತಿಂಗಳಲ್ಲಿ ಸಡಿಲ. ಹೊಸ ಪಟ್ಟಿ ಹಾಕಿಸಿ. ಆಮೇಲೆ ಸೀಟನ್ನು ಬೋರಲು ಹಾಕಿ ದಿಂಬಿನ ಕೆಳಗೆ ನೋಡಿ. ಅಲ್ಲಿ ರಬ್ಬರಿನ ಹಾಳೆಯೋ ಪಟ್ಟಿಗಳೋ ಇರುತ್ತವೆ. ಹಳೆಯದಾದರೆ ಅದು ಬಿರುಕು ಬಿಟ್ಟು ಜೋತುಬೀಳುತ್ತದೆ. ಬೆಳಿಗ್ಗೆ ಚೈಲ್ಡ್ ಸೀಟನ್ನು ಕಲ್ಲಿನ ಹಾಗೆ ಕಟ್ಟಿರುತ್ತೀರಿ. ಹತ್ತು ಕಿ.ಮೀ. ಹೋಗುವಷ್ಟರಲ್ಲಿ ದಿಂಬು ಕುಸಿದು ಬೆಲ್ಟು ನೇತಾಡುತ್ತಿರುತ್ತದೆ. ಬೆಲ್ಟಿನದು ತಪ್ಪು ಅಂತ ಅಂದುಕೊಳ್ಳುತ್ತಾರೆ ಪಾಪ.

ಸೀಟಿನ ಬೆನ್ನು ಹಿಡಿದು ಮುಂದಕ್ಕೆ ತಳ್ಳಿ ನೋಡಿ. ಸುಮ್ಮನೆ ಮಡಚಿಕೊಂಡಿತಾ? ಆ ಕಾಲದ ಎಷ್ಟೋ ಎರಡು ಬಾಗಿಲಿನ ಕಾರುಗಳಲ್ಲಿ ಹಿಂದೆ ಸಾಮಾನು ಇಡಲು ಅನುಕೂಲ ಆಗಲಿ ಅಂತ ಬೆನ್ನು ಮುಂದಕ್ಕೆ ಬಾಗುತ್ತದೆ, ಅದನ್ನು ಹಿಡಿಯುವ ಲಾಕ್ ಇರುವುದಿಲ್ಲ. ಅಮೆರಿಕದಲ್ಲಿ ಇಂಥ ಬೆನ್ನಿಗೆ ಲಾಕ್ ಇರಲೇಬೇಕು ಅಂತ ನಿಯಮ ಬಂದಿದ್ದೇ 1968ರಲ್ಲಿ. ಲಾಕ್ ಇದ್ದರೂ ಹಲ್ಲು ಸವೆದು ಜಾರುವುದುಂಟು. ಲಾಕ್ ಇಲ್ಲದ ಸೀಟಿನಲ್ಲಿ ಗುದ್ದಿದಾಗ ಏನಾಗುತ್ತದೆ ಅಂದರೆ, ಮಗು ಮುಂದಕ್ಕೆ ಹೋಗಿದ್ದೂ ಅಲ್ಲದೆ ಸೀಟಿನ ಬೆನ್ನು, ಅದರ ಹಿಂದೆ ನೀವು ಇಟ್ಟ ಜಾಕು, ಸ್ಪ್ಯಾನರ್ ಚೀಲ, ಎಲ್ಲಾ ಅದರ ಬೆನ್ನ ಮೇಲೆ ಬೀಳುತ್ತದೆ. ಹಳೆ ಕಾರಿನವರು ಟೂಲ್ಸ್ ಇಲ್ಲದೆ ಹೊರಡುವುದಿಲ್ಲ, ನನಗೂ ಗೊತ್ತು. ಅದನ್ನೆಲ್ಲಾ ಡಿಕ್ಕಿಯಲ್ಲಿ ಇಡಿ. ಬೆಂಕಿ ಆರಿಸುವ ಸಿಲಿಂಡರ್ ಇದ್ದರೆ ಬ್ರಾಕೆಟ್ ಹಾಕಿ ಕಚ್ಚಿಸಿ.

ಇಷ್ಟೆಲ್ಲಾ ಆದ ಮೇಲೆ ನಿಮ್ಮ ಪ್ರಶ್ನೆಗೆ ಬರೋಣ. ಯಾವ ಚೈಲ್ಡ್ ಸೀಟು?

ಐಸೊಫಿಕ್ಸ್ ನಿಮಗೆ ಆಗುವುದಿಲ್ಲ. ಅದು 1999ರಲ್ಲಿ ಬಂದ ಅಂತರರಾಷ್ಟ್ರೀಯ ಮಾನಕ. ಸೀಟಿನ ಸಂದಿಯಲ್ಲಿ 28 ಸೆಂ.ಮೀ. ಅಂತರದಲ್ಲಿ ಎರಡು ಉಕ್ಕಿನ ಸರಳು ಬೇಕು. ಅವನ್ನು ಹಳೆಯ ಕಾರಿಗೆ ಹಾಕಿಸಿಬಿಡೋಣ ಅಂತ ಕೆಲವರಿಗೆ ಆಸೆ. ನನ್ನ ಅಭಿಪ್ರಾಯದಲ್ಲಿ ಅದು ಬೇಡ. ಮುಂದೆ ಹಿಂದೆ ಜರುಗುವ ಸೀಟಿಗೆ, ಆ ಲೆಕ್ಕಕ್ಕೆ ಮಾಡದ ನೆಲಕ್ಕೆ ಸರಳು ಜೋಡಿಸಿದರೆ ಹೊರಗಿನಿಂದ ಐಸೊಫಿಕ್ಸ್ ಥರ ಕಾಣುತ್ತದೆ ಅಷ್ಟೆ. ಕ್ಲಿಕ್ ಅನ್ನುವ ಸದ್ದೂ ಬರುತ್ತದೆ. ಆ ಸದ್ದು ಕೇಳಿ ಮೋಸ ಹೋಗುವುದೇ ಜಾಸ್ತಿ. ಕಾಲು ಊರಿ ನಿಲ್ಲುವ ಚೈಲ್ಡ್ ಸೀಟುಗಳೂ ಹಾಗೇ. ಆ ಕಾಲು ನೆಲವನ್ನು ಎಷ್ಟು ಜೋರಾಗಿ ಒತ್ತುತ್ತದೆ ಅನ್ನುವುದನ್ನು ನಿಮ್ಮ ಕಾರಿನ ನೆಲ ಯಾವತ್ತೂ ಕಂಡಿಲ್ಲ.

ನಿಮಗೆ ಬೇಕಾದ್ದು ಕಾರಿನ ಬೆಲ್ಟಿನಿಂದಲೇ ಕಟ್ಟುವ, ಒಳಗೆ ತನ್ನದೇ ಐದು ಪಟ್ಟಿಯ ಹಾರ್ನೆಸ್ ಇರುವ, ಮುಂದಕ್ಕೆ ಮುಖ ಮಾಡುವ ಸೀಟು. ವಿಶ್ವಸಂಸ್ಥೆಯ 44ನೇ ಅಥವಾ 129ನೇ ನಿಯಮದ ಚೀಟಿ, ಇಲ್ಲವೇ ನಿಮ್ಮಲ್ಲಿ ಒಪ್ಪುವ ಅಂಥದ್ದೇ ಮಂಜೂರಾತಿ ಇರಲಿ. ಪೆಟ್ಟಿಗೆ ಮೇಲೆ ‘ಐ-ಸೈಜ್’ ಅಂತ ದೊಡ್ಡದಾಗಿ ಬರೆದ ಹಾರ್ನೆಸ್ ಸೀಟಿಗೆ ಐಸೊಫಿಕ್ಸ್ ಬೇಕೇ ಬೇಕು, ಅದನ್ನು ನೋಡಿ ತಗೊಳ್ಳಬೇಡಿ. ಬೆಲ್ಟಿನಲ್ಲಿ ಕಟ್ಟಬಹುದು ಅಂತ ಕೈಪಿಡಿಯಲ್ಲೇ ಬರೆದಿರಬೇಕು. ಹಾರ್ನೆಸ್ ಎಷ್ಟು ಕೆಜಿವರೆಗೆ ಅಂತಲೂ ನೋಡಿ. ಹಳೆಯ ವಿಂಗಡಣೆಯ ಸೀಟುಗಳು 18 ಕೆಜಿಗೆ ನಿಂತುಬಿಡುತ್ತವೆ, ನಿಮ್ಮ ಮಗಳು ಈಗಲೇ 16. ಕೊಳ್ಳುವ ಮುಂಚೆ ಕಾರಿನ ಸೀಟಿನ ಅಗಲ ಅಳೆಯಿರಿ. ಎರಡು ಪಕ್ಕದ ಉಬ್ಬುಗಳ ಮಧ್ಯೆ ಎಷ್ಟಿದೆ ಅನ್ನುವುದು ಮುಖ್ಯ. ಈಗಿನ ಚೈಲ್ಡ್ ಸೀಟುಗಳು 44 ಸೆಂ.ಮೀ. ಆಸುಪಾಸು ಅಗಲ ಇರುತ್ತವೆ. ಕಿರಿದಾದ ಬಕೆಟ್ ಸೀಟಿನಲ್ಲಿ ಅವು ತಳಕ್ಕೆ ಕೂರದೆ ಉಬ್ಬುಗಳ ಮೇಲೆ ತೊಟ್ಟಿಲ ಹಾಗೆ ತೂಗುತ್ತವೆ. ಸಾಧ್ಯವಿದ್ದರೆ ಕಾರನ್ನೇ ಅಂಗಡಿಗೆ ಒಯ್ದು ಅಲ್ಲೇ ಕಟ್ಟಿ ನೋಡಿ. ಟವೆಲ್ ಮಡಚಿಟ್ಟು ಮಟ್ಟ ಮಾಡುವುದು, ಥರ್ಮಾಕೋಲ್ ತುರುಕುವುದು, ಇಂಥದ್ದನ್ನು ಚೈಲ್ಡ್ ಸೀಟಿನ ಕೈಪಿಡಿ ಒಪ್ಪದಿದ್ದರೆ ಮಾಡಬೇಡಿ.

‘102 ಸೆಂ.ಮೀ. ಇದ್ದಾಳಲ್ಲ, ಬೂಸ್ಟರ್ ಸಾಲದಾ?’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಾಗದದ ಮೇಲೆ ಸರಿ, ಬೆನ್ನಿರುವ ಬೂಸ್ಟರ್‌ಗಳು 100 ಸೆಂ.ಮೀ.ನಿಂದ ಶುರುವಾಗುತ್ತವೆ. ಆದರೆ ಬೂಸ್ಟರ್ ಅಂದರೆ ಮಗುವನ್ನು ಎತ್ತರಿಸಿ ಕೂರಿಸುವ, ಸ್ವಂತ ಹಾರ್ನೆಸ್ ಇಲ್ಲದ ಸೀಟು, ಅದರಲ್ಲಿ ಮಗುವನ್ನು ಹಿಡಿಯುವುದು ಕಾರಿನ ಬೆಲ್ಟು ಮಾತ್ರ. ಆ ಬೆಲ್ಟು ಹೆಗಲಿನ ಮಧ್ಯೆ ಬರಬೇಕು, ಹೆಗಲಿಗಿಂತ ಸ್ವಲ್ಪ ಮೇಲಿನಿಂದ ಬರಬೇಕು. ಮುಚ್ಚಿದ ಕಾರಿನಲ್ಲಿ ಅದಕ್ಕೆ ಕಂಬ ಇರುತ್ತದೆ. ರೋಡ್‌ಸ್ಟರ್‌ಗೆ ಕಂಬವೇ ಇಲ್ಲ. ಬೆಲ್ಟಿನ ಮೇಲಿನ ಬೋಲ್ಟು ಹಿಂದೆ, ಕೆಳಗೆ, ಚಕ್ರದ ಕಮಾನಿನ ಮೇಲೆ ಇದೆ. ಬೂಸ್ಟರ್ ಮೇಲೆ ಮಗುವನ್ನು ಎತ್ತರಿಸಿ ಕೂರಿಸಿದಿರಿ ಅಂದರೆ ಹೆಗಲು ಇನ್ನೂ ಮೇಲಕ್ಕೆ ಹೋಯಿತು, ಬೋಲ್ಟು ಇದ್ದಲ್ಲೇ ಇದೆ. ಗುದ್ದಿದಾಗ ಬೆಲ್ಟು ಹೆಗಲನ್ನು ಹಿಂದಕ್ಕೆ ಹಿಡಿಯುವ ಬದಲು ಕೆಳಕ್ಕೆ ಅದುಮುತ್ತದೆ. ಆ ಭಾರ ಬೀಳುವುದು ಬೆನ್ನುಮೂಳೆಯ ಮೇಲೆ. ಚಿಕ್ಕ ಮಕ್ಕಳ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಹಾರ್ನೆಸ್ ಇರುವ ಸೀಟಿನಲ್ಲಿ ಮಗುವನ್ನು ಹಿಡಿಯುವುದು ಅದರ ಸ್ವಂತ ಪಟ್ಟಿಗಳು. ಕಾರಿನ ಬೆಲ್ಟು ಸೀಟನ್ನು ಮಾತ್ರ ಹಿಡಿಯುತ್ತದೆ. ಬೋಲ್ಟು ಕೆಳಗಿದ್ದ ತೊಂದರೆ ಅಲ್ಲಿ ಬಹಳ ಕಡಿಮೆ. ನಿಮ್ಮ ಕಾರಿನಲ್ಲಿ ಬೂಸ್ಟರ್ ಬೇಡ ಅನ್ನುವುದಕ್ಕೆ ಇದೊಂದೇ ಕಾರಣ ಸಾಕು. ಬರೀ ಸೊಂಟಕ್ಕೆ ಬೆಲ್ಟು ಇರುವ ಕಾರಾದರೆ ಬೂಸ್ಟರ್ ಮಾತೇ ಇಲ್ಲ. ಮಗು ಮಡಚಿಕೊಂಡು ಹೊಟ್ಟೆಯೊಳಗಿನ ಅಂಗಗಳಿಗೆ ಏಟು ಬೀಳುವುದು ಅಲ್ಲೇ.

ಟಾಪ್ ಟೆದರ್ ಅಂತ ಒಂದಿದೆ. ಚೈಲ್ಡ್ ಸೀಟಿನ ತಲೆಯಿಂದ ಹಿಂದಕ್ಕೆ ಬರುವ ಪಟ್ಟಿ. ಗುದ್ದಿದಾಗ ಸೀಟು ಮುಂದಕ್ಕೆ ಬಾಗುವುದನ್ನು, ಅದರ ಜೊತೆ ತಲೆ ಮುಂದಕ್ಕೆ ಹೋಗುವುದನ್ನು ಅದು ತಡೆಯುತ್ತದೆ. ನಿಮ್ಮಂಥ ಗಿಡ್ಡ ಕಾರಿನಲ್ಲಿ ಡ್ಯಾಶ್‌ಬೋರ್ಡ್ ಎಷ್ಟು ಹತ್ತಿರ ಇದೆ ಅಂತ ನಿಮಗೇ ಗೊತ್ತು, ತಲೆ ಹತ್ತು ಸೆಂ.ಮೀ. ಕಡಿಮೆ ಹೋದರೂ ಲಾಭ. ಕೆನಡಾದಲ್ಲಿ 1989ರಿಂದಲೇ ಕಾರುಗಳಲ್ಲಿ ಇದಕ್ಕೆ ಕೊಂಡಿಯ ಜಾಗ ಬಿಟ್ಟಿದ್ದಾರೆ. ನೀವು ಕೊಂಡ ಸೀಟಿಗೆ ಟೆದರ್ ಇದ್ದರೆ, ಹಿಂದಿನ ಗಟ್ಟಿ ತಡೆಗೋಡೆಗೆ ಪ್ಲೇಟ್ ಸಮೇತ ಒಂದು ಕೊಂಡಿ ಹಾಕಿಸಬಹುದು. ಬಾಡಿ ಕೆಲಸ ನಿಜವಾಗಿ ಗೊತ್ತಿರುವವರೇ ಹಾಕಬೇಕು. ಬ್ಯಾಟರಿ ಮುಚ್ಚಳಕ್ಕೆ, ಟಾಪಿನ ಕೊಂಡಿಗೆ, ಸಾಮಾನು ಕಟ್ಟುವ ರಿಂಗಿಗೆ ಸಿಕ್ಕಿಸಬೇಡಿ. ಟೆದರ್ ಕಡ್ಡಾಯ ಅಂತ ಕೈಪಿಡಿ ಹೇಳಿದ್ದು, ನಿಮ್ಮಲ್ಲಿ ಗಟ್ಟಿ ಜಾಗ ಸಿಗಲಿಲ್ಲ ಅಂದರೆ ಆ ಸೀಟು ನಿಮ್ಮ ಕಾರಿಗಲ್ಲ.

ರೇಸಿನ ನಾಲ್ಕು ಪಟ್ಟಿಯ ಬೆಲ್ಟು ಹಾಕಿಸಿ ಅಂತ ಸಲಹೆ ಕೊಡುವ ಸ್ನೇಹಿತರು ಇರುತ್ತಾರೆ. ಆ ಬೆಲ್ಟಿನಲ್ಲಿ ಕಟ್ಟಿ ಪರೀಕ್ಷಿಸಿದ ಚೈಲ್ಡ್ ಸೀಟನ್ನು ನಾನಂತೂ ನೋಡಿಲ್ಲ. ರೋಲ್ ಬಾರ್, ಅಂದರೆ ಕಾರು ಮಗುಚಿದರೆ ತಲೆ ಕಾಯುವ ಕಬ್ಬಿಣದ ಕಮಾನು, ಹಾಕಿಸುತ್ತೀರಾದರೆ, ಮಗುವಿನ ತಲೆ ಎತ್ತ ಓಲಿದರೂ ಆ ಕಬ್ಬಿಣಕ್ಕೆ ತಾಗದಷ್ಟು ದೂರ ಇರಬೇಕು. ರೇಸಿನವರಿಗೆ ಹೆಲ್ಮೆಟ್ ಇರುತ್ತದೆ, ಅವರಿಗೆ ನಡೆಯುತ್ತದೆ. ಮಗುವಿಗೆ ಹೆಲ್ಮೆಟ್ ಹಾಕುವ ಯೋಚನೆ ಬೇಡ, ಆ ಪುಟ್ಟ ಕತ್ತಿಗೆ ಅದರ ಭಾರವೇ ಕಷ್ಟ.

ಕಟ್ಟುವುದು ಹೇಗೆ ಅಂತ ಎರಡು ಮಾತು. ಕಾರಿನ ಸೀಟನ್ನು ಹಿಂದಕ್ಕೆ, ಹೋಗುವಷ್ಟೂ ಜರುಗಿಸಿ. ಆದರೆ ಬೆಲ್ಟಿನ ಮೇಲಿನ ಬೋಲ್ಟು ಚೈಲ್ಡ್ ಸೀಟಿಗಿಂತ ಹಿಂದೆಯೇ ಉಳಿಯಬೇಕು, ಅದನ್ನು ನೋಡಿಕೊಳ್ಳಿ. ಚೈಲ್ಡ್ ಸೀಟಿನೊಳಗೆ ಮಂಡಿಯೂರಿ, ನಿಮ್ಮ ಪೂರ್ತಿ ಭಾರ ಹಾಕಿ, ಆಗ ಬೆಲ್ಟು ಎಳೆಯಿರಿ. ಬೆಲ್ಟು ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಎರಡೂವರೆ ಸೆಂ.ಮೀ.ಗಿಂತ ಜಾಸ್ತಿ ಅಲುಗಬಾರದು. ತಲೆಯ ಹತ್ತಿರ ಹಿಡಿದು ಅಲ್ಲಾಡಿಸಿ ಗಾಬರಿ ಆಗಬೇಡಿ, ಅಲ್ಲಿ ಸ್ವಲ್ಪ ಆಡುತ್ತದೆ. ಹಾರ್ನೆಸ್ ಪಟ್ಟಿ ಹೆಗಲ ಮಟ್ಟದಿಂದ ಅಥವಾ ಸ್ವಲ್ಪ ಮೇಲಿನ ತೂತಿನಿಂದ ಬರಬೇಕು. ಮಗಳನ್ನು ಕೂರಿಸಿ ಬಿಗಿ ಮಾಡಿದ ಮೇಲೆ ಹೆಗಲ ಮೇಲಿನ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ. ಪಟ್ಟಿ ಮಡಿಕೆಯಾಗಿ ಬೆರಳಿಗೆ ಸಿಕ್ಕಿದರೆ ಇನ್ನೂ ಬಿಗಿ ಬೇಕು. ಟಾಪ್ ತೆಗೆದರೆ ಗಾಳಿ, ಚಳಿ ಅಂತ ದಪ್ಪ ಜಾಕೆಟ್ ತೊಡಿಸಿಬಿಡುತ್ತಾರೆ. ಆಗ ನೀವು ಬಿಗಿ ಮಾಡಿದ್ದು ಜಾಕೆಟ್ಟನ್ನು, ಮಗುವನ್ನಲ್ಲ. ತೆಳು ಸ್ವೆಟರ್ ಹಾಕಿ, ಹಾರ್ನೆಸ್ ಕಟ್ಟಿ, ಅದರ ಮೇಲೆ ಕಂಬಳಿ ಹೊದಿಸಿ ಪಕ್ಕಕ್ಕೆ ಸಿಕ್ಕಿಸಿ.

ಮಗನ ವಿಷಯ. ಏರ್‌ಬ್ಯಾಗ್ ಇಲ್ಲದಿರುವುದು ಅವನ ಮಟ್ಟಿಗೆ ಒಳ್ಳೆಯದೇ. ಹಿಂದಕ್ಕೆ ಮುಖ ಮಾಡಿದ ಸೀಟನ್ನು ಚಾಲೂ ಇರುವ ಏರ್‌ಬ್ಯಾಗಿನ ಎದುರು ಎಂದೂ ಇಡಬಾರದು. ನಿಮ್ಮ ಕಾರಿನಲ್ಲಿ ಆ ಅಪಾಯ ಇಲ್ಲ. ಹಾಗಾದರೆ ಇಡಬಹುದಲ್ವಾ ಅನಿಸುತ್ತದೆ. ಹತ್ತು ತಿಂಗಳ ಮಗು ಹಿಂದಕ್ಕೆ ಮುಖ ಮಾಡಿಯೇ ಕೂರಬೇಕು. 129ನೇ ನಿಯಮದಲ್ಲಿ 15 ತಿಂಗಳು ದಾಟುವ ತನಕ ಅದು ಕಡ್ಡಾಯ. ಶಿಶುವಿನ ತಲೆ ಮೈಗೆ ಹೋಲಿಸಿದರೆ ಬಹಳ ದೊಡ್ಡದು. ಹುಟ್ಟಿದಾಗ ಉದ್ದದ ಕಾಲು ಭಾಗ ತಲೆಯೇ ಇರುತ್ತದೆ. ಅದನ್ನು ಹೊರುವ ಕತ್ತಿನ ಮೂಳೆಗಳು ಇನ್ನೂ ಅರ್ಧ ಮೆದು. ಹಿಂದಕ್ಕೆ ಮುಖ ಮಾಡಿದಾಗ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಸೀಟಿನ ಬೆನ್ನಿಗೆ ಒತ್ತುತ್ತವೆ, ಕತ್ತು ಒಂಟಿಯಾಗಿ ಭಾರ ಹೊರುವುದಿಲ್ಲ. ಆದರೆ ಅಂಥ ಸೀಟನ್ನು ಕಟ್ಟಲು ಬೆಲ್ಟು ತುಂಬಾ ಉದ್ದ ಬೇಕು, ಡ್ಯಾಶ್‌ಬೋರ್ಡಿನ ಹತ್ತಿರ ಜಾಗ ಬೇಕು, ಕಾರಿನ ಸೀಟು ಇಷ್ಟು ಓರೆ ಇರಬಾರದು. ರೋಡ್‌ಸ್ಟರ್‌ಗಳಲ್ಲಿ ನಾನು ಕಟ್ಟಲು ನೋಡಿದಾಗಲೆಲ್ಲಾ ಈ ಮೂರರಲ್ಲಿ ಒಂದಾದರೂ ಕೈಕೊಟ್ಟಿದೆ. ಮಾತಾಡಿ ಹೇಳಲಾಗದ ಮಗುವಿಗೆ ಬಿಸಿ, ಸದ್ದು, ಹೊಗೆ ಆದರೆ ನಿಮಗೆ ತಿಳಿಯುವುದೂ ತಡ. ಅವನು ಇನ್ನೊಂದು ಕಾರಿನಲ್ಲಿ ಅಮ್ಮನ ಜೊತೆಗೋ ಇನ್ಯಾರ ಜೊತೆಗೋ ಹಿಂದೆ ಬರಲಿ.

ಹೊಗೆ ಅಂದೆನಲ್ಲ, ಅದನ್ನು ಹಗುರವಾಗಿ ತಗೊಳ್ಳಬೇಡಿ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ನಿಮ್ಮ ಕಾರಿಗೆ ಇಲ್ಲ. ಟಾಪ್ ಹಾಕಿ ಪಕ್ಕದ ಗಾಜು ಮಾತ್ರ ಇಳಿಸಿಕೊಂಡು ಹೋದರೆ ಒಳಗಿನ ಗಾಳಿಯ ಒತ್ತಡ ತಗ್ಗಿ, ಹಿಂದಿನಿಂದ ಸೈಲೆನ್ಸರ್ ಹೊಗೆ ಒಳಕ್ಕೆ ಎಳೆದುಕೊಳ್ಳುತ್ತದೆ. ಡಿಕ್ಕಿಯ ರಬ್ಬರ್ ಒಣಗಿದ್ದರೆ ಇನ್ನೂ ಸಲೀಸು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಕ್ಕಳು ನಮಗಿಂತ ಬೇಗ ಬೇಗ ಉಸಿರಾಡುತ್ತಾರೆ. ಮಗಳು ತೂಕಡಿಸಿದರೆ ‘ಕಾರಲ್ಲಿ ನಿದ್ದೆ ಬಂತು’ ಅಂತ ನಗುತ್ತೀರಿ. ತಲೆನೋವು, ವಾಕರಿಕೆ ಜೊತೆಗೆ ತೂಕಡಿಕೆ ಬಂದರೆ ಕಾರು ನಿಲ್ಲಿಸಿ ತಕ್ಷಣ ಹೊರಗೆ ಗಾಳಿಗೆ ಕರೆದುಕೊಂಡು ಬನ್ನಿ, ಆಮೇಲೆ ಸರಿಹೋದ ಹಾಗೆ ಕಂಡರೂ ತಡಮಾಡದೆ ವೈದ್ಯರ ಹತ್ತಿರ ಹೋಗಿ. ಹೊರಡುವ ಮುಂಚೆ ರಬ್ಬರ್ ಬದಲಾಯಿಸಿ, ಸೈಲೆನ್ಸರ್ ಜೋಡಣೆಗಳಲ್ಲಿ ಸೋರಿಕೆ ಇದೆಯಾ ನೋಡಿಸಿ.

ಬಿಸಿಲಲ್ಲಿ ಟಾಪ್ ತೆಗೆದು ನಿಲ್ಲಿಸಿದ್ದರೆ ಹಾರ್ನೆಸ್ಸಿನ ಲೋಹದ ಬಕಲ್ ಕಾದು ಕೆಂಡವಾಗಿರುತ್ತದೆ. ಮಗುವನ್ನು ಕೂರಿಸುವ ಮುಂಚೆ ಮುಂಗೈ ಹಿಂಭಾಗದಿಂದ ಮುಟ್ಟಿ ನೋಡಿ. ಟಾಪ್ ಇಲ್ಲದೆ ದೊಡ್ಡ ರಸ್ತೆಗೆ ಹೋದರೆ ಕಿವಿಗೆ ಮಕ್ಕಳ ಇಯರ್‌ಮಫ್ ಹಾಕಿ, ಆದರೆ ಅದರ ಪಟ್ಟಿ ತಲೆಯ ಹಿಂದೆ ಬಂದು ತಲೆಯನ್ನು ಮುಂದಕ್ಕೆ ತಳ್ಳದ ಹಾಗೆ ಇರಲಿ. ದೊಡ್ಡ ರಸ್ತೆಗೆ ಹೋಗದಿರುವುದೇ ಇನ್ನೂ ಒಳ್ಳೆಯದು. ನಿಮ್ಮ ಕಾರಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ ಇಲ್ಲ. ಗಂಟೆಗೆ 60ರ ಬದಲು 40ರಲ್ಲಿ ಹೋದರೆ ಗುದ್ದಿನ ಶಕ್ತಿ ಅರ್ಧಕ್ಕಿಂತ ಕಡಿಮೆ ಆಗುತ್ತದೆ. ವಾಹನ ಕಡಿಮೆ ಇರುವ ರಸ್ತೆ, ಬೆಳಗಿನ ಬೆಳಕು, ಅರ್ಧ ಗಂಟೆ. ನಾಲ್ಕು ವರ್ಷದವಳಿಗೆ ಅಷ್ಟೇ ದೊಡ್ಡ ಪ್ರವಾಸ.

ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ, ಮೂರೂ ಬೋಲ್ಟುಗಳ ಫೋಟೊ ತೆಗೆದು ಕಳಿಸಿ. ಮೇಲಿನಿಂದ ಒಂದು, ಅಡಿಯಿಂದ ಒಂದು. ಬೆಳಕು ಚೆನ್ನಾಗಿರಲಿ. ಕಾರಿನ ಹೊರಗಿನ ಫೋಟೊ ಸದ್ಯಕ್ಕೆ ಬೇಡ.